ದಿನವಿಡೀ ಗಲ್ಲಾ ಮೇಲೆ ಕೂರೋರು ಆರೋಗ್ಯದ ಅಭ್ಯಾಸ ಯಾವುದರಿಂದ ಶುರು ಮಾಡಬೇಕು?

ಮಂಡಿಪೇಟೆ ಗಲ್ಲಾ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಯಸ್ಸು 43. ಕಿರಾಣಿ ಹೋಲ್‌ಸೇಲ್ ಅಂಗಡಿ. ಬೆಳಿಗ್ಗೆ 10ಕ್ಕೆ ಕೂತರೆ ರಾತ್ರಿ 9ರ ತನಕ ಗಲ್ಲಾ ಬಿಟ್ಟು ಏಳೋದು ಅಪರೂಪ. ಮನೆಯಲ್ಲಿ ಊಟ 10:30ಕ್ಕೆ, ಮಲಗೋದು 11:45ರ ಸುಮಾರು, ಏಳೋದು 6ಕ್ಕೆ. ಖಾಲಿ ಹೊಟ್ಟೆ ಶುಗರ್ 108 ಬಂದಿದೆ (ರಕ್ತ ಕೊಟ್ಟಿದ್ದು ಬೆಳಿಗ್ಗೆ 6:15ಕ್ಕೆ), ಬಿಪಿ 136/88, ಸೊಂಟ 96 ಸೆಂ.ಮೀ. ಡಾಕ್ಟರು ಮಾತ್ರೆ ಬರೆದಿಲ್ಲ, ಮೂರು ತಿಂಗಳು ದಿನಚರಿ ಸರಿ ಮಾಡ್ಕೊಂಡು ಬನ್ನಿ ಅಂದಿದ್ದಾರೆ.

ಬೀಡಿ, ಸಿಗರೇಟು, ತಂಬಾಕು ಇಲ್ಲ. ಊಟ ಆದ್ಮೇಲೆ ಎಲೆ ಅಡಿಕೆ ಇದೆ. ಚಹಾ ದಿನಕ್ಕೆ ಐದು. ಸಂಜೆ ಅಂಗಡಿಗೆ ಮಂಡಕ್ಕಿ, ಮಿರ್ಚಿ ಬರುತ್ತೆ. ಅದನ್ನ ಪೂರ್ತಿ ಬಿಡಿ ಅಂತ ಮಾತ್ರ ಹೇಳಬೇಡಿ, ಆಗಲ್ಲ. ಜಿಮ್ಮೂ ಆಗಲ್ಲ. ನೂರು ಸಲಹೆ ಓದಿದ್ದೀನಿ, ಎಲ್ಲಾ ಒಟ್ಟಿಗೆ ಮಾಡೋದು ನನ್ನ ಕೈಲಾಗದ ಕೆಲಸ. ಯಾವುದು ಮೊದಲು, ಎಷ್ಟು, ಯಾವಾಗ ಅಂತ ತಿಳಿದವರು ಹೇಳಿ.

ಕೆರೆ ದಂಡೆ

ಬೆಳಿಗ್ಗೆ 5ಕ್ಕೆ ಎದ್ದು ಕುಂದವಾಡ ಕೆರೆಗೆ ಬನ್ನಿ. ಒಂದು ಗಂಟೆ ಬಿರುಸಾಗಿ ನಡೆದರೆ ಶುಗರ್, ಬಿಪಿ, ಹೊಟ್ಟೆ ಮೂರೂ ದಾರಿಗೆ ಬರ್ತಾವೆ. ಬೇರೇನೂ ಬೇಡ.

ಗಡಿಯಾರ ಕಂಬ

ಕೆರೆ ಸುತ್ತೋದು ಒಳ್ಳೇದೇ, ಭಾನುವಾರಕ್ಕೆ ಇಟ್ಕೊಳ್ಳಿ. ದಿನಾ ಬೇಡ ಅನ್ನೋಕೆ ಕಾರಣ ಇದೆ. 11:45ಕ್ಕೆ ಮಲಗೋರು 5ಕ್ಕೆ ಎದ್ದರೆ ನಿದ್ದೆ ಐದೂಕಾಲು ಗಂಟೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ನಿದ್ದೆ ಕೆಟ್ಟರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಹಸಿವೂ ಹೆಚ್ಚು, ಬಿಪಿಯೂ ಏರುತ್ತೆ. ಒಂದು ಕೈಯಲ್ಲಿ ಗಳಿಸಿದ್ದನ್ನ ಇನ್ನೊಂದು ಕೈಯಲ್ಲಿ ಕಳೆಯೋ ವ್ಯಾಪಾರ ಅದು. ಅದೂ ಅಲ್ಲದೆ ನಾಲ್ಕನೇ ದಿನ ಅಲಾರಂ ಆಫ್ ಆಗುತ್ತೆ, ಹತ್ತನೇ ದಿನ ಶೂ ಅಟ್ಟ ಸೇರುತ್ತೆ.

ಮೊದಲು ನಿಮ್ಮ 108ರ ಬಗ್ಗೆ. ಊಟ ಮುಗಿಯೋಕೆ 10:45 ಆಗಿರುತ್ತೆ, ರಕ್ತ ಕೊಟ್ಟಿದ್ದು 6:15ಕ್ಕೆ. ಅಂದ್ರೆ ಏಳೂವರೆ ಗಂಟೆ. ಫಾಸ್ಟಿಂಗ್ ಪರೀಕ್ಷೆಗೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಒಳಗೆ ಹೋಗಿರಬಾರದು. 100ರಿಂದ 125 ಅಂದ್ರೆ ಮಧುಮೇಹದ ಹೊಸ್ತಿಲು, 126 ಅಥವಾ ಅದಕ್ಕೆ ಮೇಲೆ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತ ಮಾಡ್ತಾರೆ. ಮುಂದಿನ ಸಲ ಜೊತೆಗೆ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತೆ, ಹಿಂದಿನ ರಾತ್ರಿಯ ಊಟದ ಮೇಲೆ ನಿಂತಿಲ್ಲ. 5.7ಕ್ಕಿಂತ ಕಮ್ಮಿ ಸರಿ, 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ಬಿಪಿ, ಶುಗರ್ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆಗಳ) ಕ್ಲಿನಿಕ್ಕಲ್ಲಿ ಉಚಿತ, ನಮ್ಮ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ.

ಈಗ ಯಾವುದು ಮೊದಲು ಅಂತ. ನನ್ನ ಮಟ್ಟಿಗೆ ರಾತ್ರಿ ಊಟ ಆದಮೇಲಿನ 12 ನಿಮಿಷದ ನಡಿಗೆ. ಊಟದ ಮೊದಲ ತುತ್ತಿನಿಂದ ಸುಮಾರು ಒಂದು, ಒಂದೂವರೆ ಗಂಟೆಗೆ ರಕ್ತದಲ್ಲಿ ಸಕ್ಕರೆ ತುದಿಗೆ ಏರುತ್ತೆ. ಆ ಹೊತ್ತಿಗೆ ಕಾಲಿನ ದೊಡ್ಡ ಸ್ನಾಯುಗಳು ಓಡಾಡ್ತಿದ್ದರೆ ಅವು ಆ ಸಕ್ಕರೆಯನ್ನ ಎಳ್ಕೊಂಡು ಉರಿಸ್ತಾವೆ, ಅದಕ್ಕೆ ಇನ್ಸುಲಿನ್ನೂ ಹೆಚ್ಚು ಬೇಡ. ಹಾಗಾಗಿ ಕೈ ತೊಳೆದ ಅರ್ಧ ಗಂಟೆಯೊಳಗೆ ಶುರು ಮಾಡಬೇಕು. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ವೇಗ. ನಿಮಿಷಕ್ಕೆ ನೂರು ಹೆಜ್ಜೆ ಹಿಡಿದರೆ ಸಾಕು.

"ಸಮಯ ಸಿಕ್ಕಾಗ ನಡೀತೀನಿ" ಅಂದರೆ ಯಾವತ್ತೂ ಸಿಗಲ್ಲ. ಅಭ್ಯಾಸಕ್ಕೆ ಒಂದು ಗೂಟ ಬೇಕು, ಆಗಲೇ ದಿನಾ ತಪ್ಪದೆ ನಡೆಯೋ ಒಂದು ಕೆಲಸ. ನಿಮಗೆ ಅದು ಕೈ ತೊಳೆಯೋದು. ಕೈ ತೊಳೆದರೆ ಟಿವಿ ಕಡೆ ತಿರುಗದೆ ನೇರ ಬಾಗಿಲ ಕಡೆ. ಚಪ್ಪಲಿ ಬಚ್ಚಲ ಪಕ್ಕದಲ್ಲೇ ಇಡಿ, ಹುಡುಕೋ ನೆಪವೂ ಇರಬಾರದು. ಮೊದಲ ವಾರ ಮೂರೇ ನಿಮಿಷ ಸಾಕು, ನಂತರ ಒಂದೊಂದು ವಾರಕ್ಕೆ ಮೂರು ನಿಮಿಷ ಏರಿಸಿ. ಮೂರು ನಿಮಿಷದಲ್ಲಿ ಏನಾಗುತ್ತೆ ಅಂತ ನಗಬೇಡಿ. ಆ ವಾರದ ಕೆಲಸ ಕೊಬ್ಬು ಕರಗಿಸೋದಲ್ಲ, ಕೈ ತೊಳೆದರೆ ಕಾಲು ತಾನಾಗಿ ಹೊರಡಬೇಕು, ಅದು.

21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅನ್ನೋದು ಸುಮ್ಮನೆ ಹರಡಿದ ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನ ಗಮನಿಸಿದಾಗ ನಡುವಿನ ಲೆಕ್ಕ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ನೀರು ಕುಡಿಯೋವಂಥದ್ದು ಬೇಗ ಕೂರುತ್ತೆ, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯಲ್ಲ ಅನ್ನೋದೂ ಅದರಲ್ಲೇ ಕಂಡಿತು. ಹತ್ತು ಸಾವಿರ ಹೆಜ್ಜೆಯ ಗುರಿಯೂ ಅಷ್ಟೇ. 1960ರ ದಶಕದ ಜಪಾನಿನ ಹೆಜ್ಜೆ ಎಣಿಸೋ ಯಂತ್ರವೊಂದರ ಹೆಸರಿನಿಂದ ಬಂದಿದ್ದು, ಯಾವ ವೈದ್ಯರೂ ಅಳೆದು ಹೇಳಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ. ರಾತ್ರಿಯ 12 ಮತ್ತು ಮಧ್ಯಾಹ್ನ ಊಟದ ನಂತರದ 10 ಸೇರಿದರೆ ವಾರಕ್ಕೆ 154. ಕೆರೆಗೆ ಹೋಗದೆಯೇ ಲೆಕ್ಕ ಮುಟ್ಟಿತು.

ಅಂಗಡಿಯಲ್ಲಿ ಇನ್ನೊಂದು ಮಾಡಿ. ಎರಡು ಲೀಟರಿನ ಬಾಟಲು ಪಕ್ಕದಲ್ಲಿ ಇಟ್ಕೊಳ್ಳೋದು ಬಿಡಿ, 300 ಮಿಲಿಯದ್ದು ತನ್ನಿ. ನೀರಿನ ಕ್ಯಾನ್ ಗೋದಾಮಿನ ಕಡೆ ಮೂಲೆಗೆ ಹೋಗಲಿ. ತುಂಬಿಸೋಕೆ ಏಳಲೇಬೇಕು. ಬಿಸಿಲ ಕಾಲದಲ್ಲಿ ಎಂಟು ಸಲ ತುಂಬಿಸಿದರೆ ನೀರು 2.4 ಲೀಟರ್ ಆಯ್ತು, ಎಂಟು ಸಲ ಎದ್ದ ಹಾಗೂ ಆಯ್ತು.

ರೊಟ್ಟಿ ಬುತ್ತಿ

ಅಣ್ಣಾ, ನಡಿಗೆ ಬಗ್ಗೆ ಮೇಲಿನವರು ಹೇಳಿದ್ದು ಸರಿ, ಆದರೆ 10:30ರ ಊಟ ಹಾಗೇ ಇದ್ದರೆ ಅರ್ಧ ಕೆಲಸ ಆಗಲ್ಲ. ರಾತ್ರಿ ಅನ್ನ ಸಾರು ಉಂಡು ಒಂದು ಗಂಟೆಯಲ್ಲಿ ಮಲಗಿದರೆ ಹುಳಿ ತೇಗು, ಬೆಳಗಿನ ಶುಗರ್ ಎರಡೂ ಅಲ್ಲಿಂದಲೇ. ಮುಖ್ಯ ಊಟವನ್ನ ಅಂಗಡಿಗೇ ತರಿಸಿ, 7:30ಕ್ಕೆ. ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಬುತ್ತಿ ಇದೆಯಲ್ಲ: ಜೋಳದ ರೊಟ್ಟಿ ಎರಡು, ಕಾಳು ಪಲ್ಯ ಒಂದು ಬಟ್ಟಲು, ಹಸಿ ಹಕ್ಕರಿಕೆ ಸೊಪ್ಪೋ ಸೌತೆಕಾಯೋ ಒಂದು ಹಿಡಿ, ಮೊಸರು. ಕಡಕ್ ರೊಟ್ಟಿ ಆದರೆ ಬೆಳಿಗ್ಗೆ ಕಟ್ಟಿದ್ದೂ ಸಂಜೆಗೆ ಕೆಡಲ್ಲ. ಪಲ್ಯ, ಮೊಸರು ಮಾತ್ರ ಬಿಸಿಲಲ್ಲಿ ನಿಲ್ಲಲ್ಲ, ಸಂಜೆ ಮನೆಯಿಂದ ಬರಬೇಕು.

ಇಲ್ಲಿ ಎಡವೋದು ಎಲ್ಲಿ ಅಂತ ಹೇಳ್ತೀನಿ. 7:30ಕ್ಕೂ ಉಂಡು, ಮನೆಗೆ ಹೋದಾಗ "ಒಂದು ತುತ್ತಾದರೂ ಉಣ್ರಿ" ಅಂದರೆ ಮತ್ತೆ ತಟ್ಟೆ ಹಾಕ್ಕೊಳ್ಳೋದು. ಆಗ ಮೊದಲಿಗಿಂತ ಹೆಚ್ಚೇ ಆಯ್ತು. ಮನೆಯವರ ಜೊತೆ ಕೂರಿ, ಕೂರಬೇಡಿ ಅನ್ನಲ್ಲ, ಕೈಯಲ್ಲಿ ಒಂದು ಲೋಟ ನೀರು ಮಜ್ಜಿಗೆ ಇರಲಿ. ತಟ್ಟೆ ಬೇಡ. ನಡಿಗೆಯನ್ನ 7:30ರ ಊಟದ ಬೆನ್ನಿಗೆ ಹಾಕ್ಕೊಳ್ಳಿ.

ಕಾಳಿನ ಅಳತೆ: ಒಬ್ಬರಿಗೆ ಒಣ ಕಾಳು 30ರಿಂದ 40 ಗ್ರಾಂ, ಅಂದಾಜು ಒಂದು ಹಿಡಿ. ಹೆಸರುಕಾಳು 8 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ 12 ಗಂಟೆ ಕಟ್ಟಿದರೆ ಮೊಳಕೆ ಬರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ 8 ಗಂಟೆಗೇ ಬರುತ್ತೆ, ಹೆಚ್ಚು ಬಿಟ್ಟರೆ ಲೋಳೆ ಬಂದು ನಾರುತ್ತೆ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಹಾಗೇ ಆಗೋದು. ಹುರುಳಿ, ಮಡಿಕೆ, ಅಲಸಂದೆ ಸರದಿ ಮೇಲೆ ಬರಲಿ. ಮುದ್ದೆ ಉಣ್ಣೋರಾದರೆ ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು. ರಾಗಿ ಒಳ್ಳೇದು ಅಂತ ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನಕ್ಕೆ ಮಜ್ಜಿಗೆ ಕಲಸಿದರೆ ರಾಗಿ ಏನು ಮಾಡೀತು?

ಮಂಡಕ್ಕಿ ಬಿಡಬೇಡಿ, ದಾವಣಗೆರೆಯಲ್ಲಿದ್ದು ಅದನ್ನ ಬಿಡಿ ಅನ್ನೋಕೆ ನನಗೂ ಬಾಯಿ ಬರಲ್ಲ. ಆದರೆ ತಿಳಿದಿರಲಿ: ಮಂಡಕ್ಕಿ ಹಗುರ ಅಂತ ಕಂಡರೂ ಅದು ಅರಳಿದ ಅಕ್ಕಿ, ಬೇಗ ಸಕ್ಕರೆ ಆಗುತ್ತೆ. ಭಟ್ಟಿಯಲ್ಲಿ ಹುರಿಯೋ ಮೊದಲೇ ಅಕ್ಕಿಗೆ ಉಪ್ಪು ಸೇರಿರುತ್ತೆ. ಮಿರ್ಚಿ ಹಿಟ್ಟಲ್ಲಿ ಉಪ್ಪಿನ ಜೊತೆ ಸೋಡಾ, ಅದರಲ್ಲೂ ಸೋಡಿಯಂ. ಹಾಗಾಗಿ ಮಂಡಕ್ಕಿ ಎರಡು ಹಿಡಿ, ಅದಕ್ಕೆ ಅಷ್ಟೇ ಮೊಳಕೆ ಕಾಳು, ಹೆಚ್ಚಿದ ಈರುಳ್ಳಿ, ಟೊಮೆಟೊ, ಒಂದು ಹಿಡಿ ಶೇಂಗಾ, ನಿಂಬೆಹಣ್ಣು. ಮೇಲೆ ಉಪ್ಪು ಉದುರಿಸಬೇಡಿ. ಮಿರ್ಚಿ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು. ಯಾವ ದಿನ ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ, ಪೊಟ್ಟಣ ಬಂದು ಮುಂದೆ ಬಿಚ್ಚಿದ ಮೇಲೆ ತೀರ್ಮಾನ ಮಾಡೋಕೆ ಕೂತರೆ ಮಿರ್ಚಿಯೇ ಗೆಲ್ಲೋದು. ಬೆಣ್ಣೆ ದೋಸೆಗೂ ಅದೇ ಮಾತು. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ, ದೋಸೆಗೆ ಎಷ್ಟು ಚಮಚ ಬೀಳುತ್ತೆ ಅಂತ ಹಂಚಿನ ಪಕ್ಕ ನಿಂತು ನೋಡಿದವರಿಗೆ ಗೊತ್ತು.

ಚಹಾ: ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 8ರಿಂದ 10 ಗ್ರಾಂ, ಐದಕ್ಕೆ 40ರಿಂದ 50. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು. ಒಂದೇ ಸಲ ಸಪ್ಪೆ ಚಹಾ ಕುಡಿಯೋಕೆ ಹೋಗಬೇಡಿ, ಮೂರು ದಿನಕ್ಕೆ ಬೇಜಾರಾಗಿ ಮೊದಲಿನದಕ್ಕೇ ಬರ್ತೀರಿ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ, ನಾಲಿಗೆಗೆ ಗೊತ್ತೇ ಆಗಲ್ಲ. ಊಟದ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹಿಡಿಯೋಕೆ ಬಿಡಲ್ಲ. ಸಂಜೆ 5ರ ಮೇಲಿನದು ನಿದ್ದೆಗೆ ಅಡ್ಡ.

ಮಂಡಿಪೇಟೆ ಗಲ್ಲಾ

7:30ರ ಬುತ್ತಿ ಆಗುತ್ತೆ, ಹುಡುಗನ ಕೈಲಿ ತರಿಸಬಹುದು. ಎರಡು ಸಂಶಯ. ಒಂದು, ರಾತ್ರಿ ನಮ್ಮ ಬೀದಿಯಲ್ಲಿ ನಾಯಿ ಕಾಟ, ನಡೆಯೋದು ಹೇಗೆ? ಎರಡು, ಎಣ್ಣೆ ಉಪ್ಪು ಕಮ್ಮಿ ಮಾಡಿ ಅಂತಾರೆ, ಅಡಿಗೆ ಮನೆಯಲ್ಲಿ ನಾನು ಅಳೆಯೋಕೆ ಹೋದರೆ ಜಗಳ ಆಗುತ್ತೆ. ಅಳತೆ ಹೇಗೆ ಗೊತ್ತಾಗಬೇಕು?

ಗಡಿಯಾರ ಕಂಬ

7:30ಕ್ಕೆ ಉಂಡರೆ ಅಂಗಡಿಯಿಂದಲೇ ನಡಿಗೆ, ಆಗ ಪೇಟೆಯಲ್ಲಿ ಜನ ಇರ್ತಾರೆ, ನಾಯಿ ಇರಲ್ಲ. ಗಲ್ಲಾಕ್ಕೆ ಹುಡುಗನನ್ನ ಕೂರಿಸೋಕಾಗದ ದಿನ ಗೋದಾಮಿನ ಒಳಗೇ ಸುತ್ತಿ. ಮೂಟೆ ಸಾಲುಗಳ ಮಧ್ಯೆ 30 ಅಡಿ ಜಾಗ ಸಿಕ್ಕರೂ 12 ನಿಮಿಷ ಆಗುತ್ತೆ. ಒಂದೇ ಕಡೆ ತಿರುಗುತ್ತಿದ್ದರೆ ಮಂಡಿ ನೋಯುತ್ತೆ, ಆಗಾಗ ಸುತ್ತು ಬದಲಿಸಿ.

ರೊಟ್ಟಿ ಬುತ್ತಿ

ಅಡಿಗೆ ಮನೆಗೆ ಹೋಗಿ ಅಳೀಬೇಡಿ ಅಣ್ಣಾ, ಪಾಕೀಟಿನ ಮೇಲೆ ತಾರೀಕು ಬರೀರಿ. ಕಿರಾಣಿ ವ್ಯಾಪಾರಿಗೆ ಇದಕ್ಕಿಂತ ಸುಲಭದ ಲೆಕ್ಕ ಯಾವುದಿದೆ? ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ. ಮನೆಯಲ್ಲಿ ನಾಲ್ಕು ಜನ ಅಂದರೆ 20 ಗ್ರಾಂ, ಒಂದು ಕಿಲೋ ಪಾಕೀಟು 50 ದಿನ ಬರಬೇಕು. 30 ದಿನಕ್ಕೆ ಖಾಲಿ ಆದರೆ ಒಬ್ಬೊಬ್ಬರಿಗೆ 8 ಗ್ರಾಂ ಮೇಲೆ ಹೋಗ್ತಿದೆ ಅಂತ ಅರ್ಥ. ಉಪ್ಪಿನಕಾಯಿ, ಹಪ್ಪಳ, ಚಟ್ನಿ ಪುಡಿ, ಹೊರಗಿನ ತಿಂಡಿಯದ್ದು ಇದರ ಮೇಲೆ. ಉಪ್ಪಿನಕಾಯಿ ಹಾಕಿದ ತಿಂಗಳು ಆ ಉಪ್ಪನ್ನ ಬೇರೆ ಲೆಕ್ಕ ಹಿಡೀರಿ.

ಎಣ್ಣೆ, ತುಪ್ಪ, ಬೆಣ್ಣೆ ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 25ರಿಂದ 30 ಗ್ರಾಂ. ನಾಲ್ಕು ಜನಕ್ಕೆ ತಿಂಗಳಿಗೆ 3ರಿಂದ 3.6 ಕಿಲೋ. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತೆ, ಹಾಗಾಗಿ ಎಣ್ಣೆಯಲ್ಲೇ ಲೆಕ್ಕ ಹಾಕಿದರೆ ಮೂರೂವರೆ ಲೀಟರ್ ಆಸುಪಾಸು. ಐದು ಲೀಟರಿನ ಕ್ಯಾನ್ ತಿಂಗಳು ಮುಗಿಯೋದರೊಳಗೆ ಖಾಲಿ ಆಗ್ತಿದ್ದರೆ ಕಾರಣ ಒಗ್ಗರಣೆ ಅಲ್ಲ, ಕರಿಯೋದು. ಚಳ್ಳಕೆರೆ ಗಾಣದ ಶೇಂಗಾ ಎಣ್ಣೆ ಆದರೂ ಕ್ಯಾಲೊರಿ ಅಷ್ಟೇ. ಎಣ್ಣೆ ಡಬ್ಬಿಯಿಂದ ಬಗ್ಗಿಸೋದು ಬಿಟ್ಟು ಚಮಚದಲ್ಲಿ ಹಾಕಿದರೆ ಯಾರೂ ಜಗಳ ಆಡದೆ ಇಳಿಯುತ್ತೆ.

ಕಮ್ಮಿ ಸೋಡಿಯಂ ಉಪ್ಪು ತರಬೇಕು ಅಂತಿದ್ದರೆ ಒಂದು ಎಚ್ಚರಿಕೆ. ಅದರಲ್ಲಿ ಪೊಟ್ಯಾಶಿಯಂ ಇರುತ್ತೆ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ತೊಂದರೆ ಇದ್ದರೆ, ಬಿಪಿ ಮಾತ್ರೆ ನಡೀತಿದ್ದರೆ, ಡಾಕ್ಟರನ್ನ ಕೇಳದೆ ತರಬೇಡಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಯಾರೂ ಅಡಿಕೆ ಮಾತು ಎತ್ತಲಿಲ್ಲ. ಚನ್ನಗಿರಿ ಸೀಮೆಯವರಿಗೆ ಬೇಜಾರಾಗಬಹುದು, ಆದರೂ ಹೇಳಬೇಕು. ತಂಬಾಕು ಇಲ್ಲ, ಬರೀ ಎಲೆ ಅಡಿಕೆ ಅಂತ ಸಮಾಧಾನ ಪಡೋ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಅಂತ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಕಡೆಯಿಂದ ತಕರಾರು ಇದೆ, ಗೊತ್ತು. ಆದರೆ ಅಡಿಕೆ ಅಗಿಯೋರ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯೋಕಾಗದೆ ಹೋಗೋದನ್ನ ಯಾವ ದಂತವೈದ್ಯರನ್ನ ಕೇಳಿದರೂ ಹೇಳ್ತಾರೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡಿ. ಹೋಗದಿದ್ದರೆ, ಖಾರ ತಾಗಿದರೆ ಉರಿ ಬರ್ತಿದ್ದರೆ, ತಡ ಮಾಡದೆ ತೋರಿಸಿ.

ಬಿಡೋ ರೀತಿ: ಊಟ ಆದ್ಮೇಲೆ ಬಾಯಿಗೆ ಏನೋ ಬೇಕು ಅನ್ನೋದು ಉಳಿದೇ ಉಳಿಯುತ್ತೆ. ಆ ಜಾಗ ಖಾಲಿ ಬಿಟ್ಟರೆ ಅಡಿಕೆಯೇ ವಾಪಸ್ ಬರುತ್ತೆ. ಅದೇ ಡಬ್ಬಿಯಲ್ಲಿ ಸೋಂಪು, ಎರಡು ಲವಂಗ ಇಡಿ. ಅಡಿಕೆ ಮನೆಯಲ್ಲೇ ಇಡಬೇಡಿ. ತಂಬಾಕು ಸೇರಿಸಿ ಹಾಕೋ ಗೆಳೆಯರಿದ್ದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ ಇದೆ: 1800-112-356, ಉಚಿತ.

ಇನ್ನೊಂದು ಬಿಟ್ಟುಹೋಗಿದ್ದು ಸ್ನಾಯು ಬಲ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ಸವೀತಾ ಹೋಗುತ್ತೆ, ಬರೀ ನಡಿಗೆ ಅದನ್ನ ತಡೆಯಲ್ಲ. ಸಕ್ಕರೆ ತುಂಬಿಡೋ ದೊಡ್ಡ ಗೋದಾಮು ಸ್ನಾಯುವೇ ಆದ್ದರಿಂದ ನಿಮ್ಮ 108ಕ್ಕೂ ಇದು ಸಂಬಂಧ. ವಾರಕ್ಕೆ ಎರಡು ದಿನ ಸಾಕು. ಕೈ ಇಲ್ಲದ, ಜಾರದ ಕುರ್ಚಿಯನ್ನ ಗೋಡೆಗೆ ಒತ್ತಿ ಇಡಿ, ಎತ್ತರ 45 ಸೆಂ.ಮೀ. ಆಸುಪಾಸು. ಕೈ ಎದೆ ಮೇಲೆ ಕಟ್ಟಿ ಎದ್ದು ನಿಲ್ಲಿ, ಮೂರು ಎಣಿಸುತ್ತಾ ನಿಧಾನಕ್ಕೆ ಕೂರಿ. ಎಂಟು ಸಲ, ಎರಡು ನಿಮಿಷ ಬಿಟ್ಟು ಮತ್ತೆ ಎಂಟು. ದೊಪ್ಪನೆ ಕೂತರೆ ಅರ್ಧ ವ್ಯಾಯಾಮ ಹೋಯ್ತು. ಮಂಡಿ ನೋವು ಬರೋದು ಹೆಚ್ಚಾಗಿ ಎರಡು ಕಾರಣಕ್ಕೆ: ಏಳುವಾಗ ಮಂಡಿಗಳು ಒಳಗೆ ವಾಲೋದು, ಪಾದ ತೀರಾ ಮುಂದಿರೋದು. ಮಂಡಿ ಪಾದದ ಬೆರಳಿನ ದಿಕ್ಕಿಗೇ ಇರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಏಳುವಾಗ ಉಸಿರು ಬಿಡಿ. ಉಸಿರು ಬಿಗಿ ಹಿಡಿದರೆ ಬಿಪಿ ತಟ್ಟನೆ ಏರುತ್ತೆ, ನಿಮಗದು ಬೇಡ. ಆಮೇಲೆ ಗೋಡೆಯಿಂದ ಎರಡು ಅಡಿ ದೂರ ನಿಂತು ಅಂಗೈ ಊರಿ ಹತ್ತು ದಂಡ. ಅಂಗಡಿಯಲ್ಲಿ ಹಣ ಬಂತು ಅಂತ ಪೆಟ್ಟಿಗೆ ಕೂಗೋ ತನಕ ಹಿಮ್ಮಡಿ ಎತ್ತಿ ಇಳಿಸ್ತಾ ನಿಲ್ಲಬಹುದು, ಗಿರಾಕಿಗೆ ಗೊತ್ತೂ ಆಗಲ್ಲ.

ಉತ್ಸಾಹಕ್ಕೆ ಬಿದ್ದು ಮೊದಲ ಭಾನುವಾರವೇ ನಮ್ಮ ಕೋಟೆ ಹತ್ತೋಕೆ ಬರಬೇಡಿ. ಹತ್ತೋವಾಗ ದಮ್ಮು, ಇಳಿಯೋವಾಗ ತೊಡೆ. ಇಳಿದ ಮೂರು ದಿನ ಕೂತರೆ ಏಳೋಕಾಗದೆ, ಕಟ್ಟಿದ ಅಭ್ಯಾಸವೂ ಅಲ್ಲೇ ನಿಲ್ಲುತ್ತೆ. ನಡೆಯುವಾಗ ಎದೆ ಬಿಗಿದು ನಿಂತರೆ ಕಮ್ಮಿ ಆಗೋದು, ಎಡ ತೋಳು ಅಥವಾ ದವಡೆಗೆ ನೋವು ಹರಿಯೋದು ಕಂಡರೆ ಗ್ಯಾಸ್ ಅಂತ ಸೋಡಾ ಕುಡಿದು ಸುಮ್ಮನಾಗಬೇಡಿ, ಅವತ್ತೇ ಇಸಿಜಿ ಮಾಡಿಸಿ.

ನೀರಿನ ಬಗ್ಗೆಯೂ ಒಂದು ಮಾತು. ನಲ್ಲಿ ನೀರಾದರೆ ಸರಿ. ಬೋರ್ ನೀರು ಕುಡಿಯೋರಾದರೆ, ಜಗಳೂರು, ಮೊಳಕಾಲ್ಮೂರು ಕಡೆಯವರಂತೂ, ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದ ಕಡೆ 1.5ರ ತನಕ ಒಪ್ಪುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ.

ಮಂಡಿಪೇಟೆ ಗಲ್ಲಾ

ಗೋದಾಮಿನ ಲೆಕ್ಕ ನನಗೆ ಚೆನ್ನಾಗಿ ಅರ್ಥ ಆಯ್ತು ಸಾರ್. ಇವತ್ತಿಂದ ನಡಿಗೆ ಮತ್ತು ಬುತ್ತಿ ಎರಡೇ. ಸೋಂಪು ಮುಂದಿನ ತಿಂಗಳು. ಬಿಪಿ ಮೆಷಿನ್ ತಗೊಂಡು ದಿನಾ ನೋಡಲಾ? ಮದುವೆ ಸೀಸನ್ನಲ್ಲಿ ಏನು ಮಾಡಲಿ?

ಗಡಿಯಾರ ಕಂಬ

ಮದುವೆ ಊಟ ಉಣ್ಣಿ, ಪಾಯಸ ಒಂದೇ ಸಲ ಬಡಿಸಿಕೊಳ್ಳಿ. ನಡಿಗೆ ಮಾತ್ರ ಮೂರು ನಿಮಿಷಕ್ಕಾದರೂ ಇಳಿಸಿ ಉಳಿಸ್ಕೊಳ್ಳಿ, ಛತ್ರದ ಸುತ್ತ ಒಂದು ಸುತ್ತು. ಒಂದು ದಿನ ಪೂರ್ತಿ ತಪ್ಪಿದರೆ ಮರುದಿನ ಇಪ್ಪತ್ನಾಲ್ಕು ನಿಮಿಷ ನಡೆದು ಬಾಕಿ ತೀರಿಸೋಕೆ ಹೋಗಬೇಡಿ, ಮಾಮೂಲಿ ಹನ್ನೆರಡೇ.

ತೋಳಪಟ್ಟಿ

ಮೆಷಿನ್ ತಗೊಳ್ಳಿ, ತೋಳಿಗೆ ಕಟ್ಟೋದು. ಮಣಿಕಟ್ಟಿಗೆ ಕಟ್ಟೋದು ಕೈ ಇಟ್ಟ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ತೋರಿಸುತ್ತೆ. ದಿನಾ ನೋಡೋದು ಬೇಡ, ಗಳಿಗೆಗೊಮ್ಮೆ ನೋಡಿ ಗಾಬರಿ ಆದರೆ ಅದಕ್ಕೇ ಏರುತ್ತೆ. ಡಾಕ್ಟರ ಹತ್ತಿರ ಹೋಗೋ ಹಿಂದಿನ ವಾರ ಏಳು ದಿನ ನೋಡಿ, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೀರಿ. ಮನೆಯ ಸರಾಸರಿ 135/85 ಅಥವಾ ಅದಕ್ಕೆ ಮೇಲೆ ಬಂದರೆ ಹೆಚ್ಚು ಅಂತ ಲೆಕ್ಕ. ಆಸ್ಪತ್ರೆಯ 140/90ಕ್ಕೆ ಅದು ಸಮ.

ಮೂತ್ರ ಮಾಡಿ ಬಂದು, ಕುರ್ಚಿಗೆ ಬೆನ್ನು ಆನಿಸಿ, ಪಾದ ಎರಡೂ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿಯೋ ಕಾಲ ಮೇಲೆ ಕಾಲು ಹಾಕಿಯೋ ನೋಡಬೇಡಿ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ, ಅಂಗಿ ಮೇಲೆ ಅಲ್ಲ. ಅರ್ಧ ಗಂಟೆ ಮೊದಲಿಂದ ಚಹಾ ಇಲ್ಲ, ನೋಡುವಾಗ ಮಾತಿಲ್ಲ, ಫೋನಿಲ್ಲ.

ಕೊಳ್ಳುವಾಗ ಪಟ್ಟಿಯ ಅಳತೆ ನೋಡಿ. ಸಾಮಾನ್ಯದ್ದರ ಮೇಲೆ 22–32 ಸೆಂ.ಮೀ. ಅಂತ ಬರೆದಿರುತ್ತೆ. ಭುಜ ಮತ್ತು ಮೊಣಕೈ ನಡುವೆ ನಿಮ್ಮ ತೋಳಿನ ಸುತ್ತಳತೆ ಟೇಪಲ್ಲಿ ಅಳೆದು, 32 ದಾಟಿದರೆ ದೊಡ್ಡ ಪಟ್ಟಿಯದ್ದನ್ನೇ ಕೇಳಿ. ಸಣ್ಣ ಪಟ್ಟಿ ದಪ್ಪ ತೋಳಿಗೆ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತೆ.